ಎಡಕ್ಕೆ ಬಂದ ಕೋಡೊಲೆ

ಅತ್ತೆ ನನ್ನ ಎಡಗೈ ಹಿಡಿದು ಜಗ್ಗಿದಾಗ, ಇವತ್ತೂ ಬೈಗುಳ ತಪ್ಪಲಿಲ್ಲ ಅಂದುಕೊಂಡೆ. ನಾನು ಹುಟ್ಟಾ ಎಡಚಿ. ಬೈಲಹೊಂಗಲದ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ, ಎಡಗೈಯಲ್ಲಿ ರೊಟ್ಟಿ ಬಡಿದರೆ ಅತ್ತೆ ಮೋರೆ ತಿರುವುತ್ತಿದ್ದರು.

ನಮ್ಮ ಕಡೆ ಇನ್ನೂ ಮೋಟಾರು ಕಾಣದ ಕಾಲವದು. ಅಡುಗೆಮನೆಯ ಹಳೆಯ ಒಲೆ ಒಡೆದಿತ್ತು. ನಮ್ಮವರು ಬೆಳಗಾವಿಯಿಂದ ಚಕ್ಕಡಿಯಲ್ಲಿ ಕಬ್ಬಿಣದ ಒಲೆ ತಂದರು. ಓಣಿಯ ಹೆಂಗಸರೆಲ್ಲ ಬಂದು ಮುಟ್ಟಿ ನೋಡಿ ಹೋದರು. ನನಗೂ ಅದೇ ಬೇಕಿತ್ತು. ಅತ್ತೆ ಮಾತ್ರ ಅದನ್ನು ಪಡಸಾಲೆಯಲ್ಲೇ ಬಿಟ್ಟು, ಹುತ್ತದ ಮಣ್ಣಿಗೆ ಲದ್ದಿ ಬೆರೆಸಿ ತುಳಿದು, ಮಣ್ಣಿನ ಒಲೆ ಹಾಕಲು ಕೂತಿದ್ದರು.

ಹಿಡಿದ ಕೈಯನ್ನು ಹೊರಳಿಸಿ ಸುಟ್ಟ ಕಲೆಗಳನ್ನು ನೋಡಿದರು. ಹಳೆಯ ಒಲೆಗೆ ಅಂಟಿದ್ದ ಸಣ್ಣ ಕೋಡೊಲೆ ಬಲಕ್ಕಿತ್ತು. ಅದರ ಮೇಲಿನ ಗಡಿಗೆಯಲ್ಲಿ ಸೌಟು ಆಡಿಸಲು ನನ್ನ ಎಡಗೈ ದಿನಾ ದೊಡ್ಡ ಒಲೆಯ ಉರಿಯನ್ನು ದಾಟಬೇಕಿತ್ತು.

“ಕಬ್ಬಿಣದ್ದು ನಾವು ಹೇಳಿದಂಗ ಕೇಳೂದಿಲ್ಲ. ಬ್ಯಾಳಿ ಗಡಿಗಿ ಎಲ್ಲಿದ್ರ ನಿನಗ ಸಲೀಸ ಆಗತೈತಿ, ತೋರಸು,” ಅಂದರು. ನಾನು ಹಸಿ ಮಣ್ಣಿನ ಎಡಗಡೆ ಬೆರಳಿಟ್ಟೆ. ಅವರು ಅಲ್ಲೇ ಕೋಡೊಲೆ ಮಾಡಿದರು.

ಅತ್ತೆ ಹೋಗಿ ಬಹಳ ವರ್ಷವಾಯಿತು. ಒಲೆ ಎಷ್ಟೋ ಸಲ ಒಡೆದು ಹೊಸದಾಗಿದೆ. ನನ್ನ ಸೊಸೆಯಂದಿರೆಲ್ಲ ಬಲಗೈಯವರು. ಮೊನ್ನೆ ಹಿರಿಸೊಸೆ ಒಲೆ ಹಾಕುವಾಗ, ಕೋಡೊಲೆ ಬಲಕ್ಕೆ ಇಟ್ಟುಕೊಳ್ಳವ್ವಾ ಅಂದೆ. ಅವಳು ನನ್ನನ್ನೇ ಬೈಯುವವಳ ಹಾಗೆ ನೋಡಿದಳು: “ಅಯ್ಯ ಅತ್ತಿ, ನಮ್ಮ ಮನ್ಯಾಗ ಅದು ಎಡಕ್ಕ ಅಲ್ಲೇನ್ರಿ ಇರೂದು?”