ಡಿಸ್ಕಿನಲ್ಲಿ ಇಲ್ಲದ ಕೂಗು

ಕಲ್ಮಲದ ಮದುವೆ ಮಂಟಪದ ಹಿಂಬದಿ, ಪಾತ್ರೆ ತೊಳೆದ ನೀರು ಹರಿದು ಹೋಗುವ ಮೂಲೆಯಲ್ಲಿ ಅಮರಮ್ಮನವರ ಜನರೇಟರ್ ನಿಂತಿದೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಳಗೆ ಮದುಮಗಳಿಗೆ ಅರಿಶಿಣ ಹಚ್ಚುತ್ತಿದ್ದಾರೆ, ಹೊರಗೆ ಅಮರಮ್ಮ ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟು, ಟ್ರ್ಯಾಕ್ಟರ್ ಟ್ರಾಲಿ ಹತ್ತಿ ಎಂಜಿನ್ನಿನ ಎಣ್ಣೆ ನೋಡುತ್ತಿದ್ದಾರೆ. ಸದ್ಯಕ್ಕೆ ಕರೆಂಟ್ ಇದೆ. ಅದು ಯಾವ ಗಳಿಗೆಯಲ್ಲಾದರೂ ಹೋಗಬಹುದು ಎಂದು ಕಬ್ಬಿಣದ ಹ್ಯಾಂಡಲ್ಲನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿದ್ದಾರೆ.

"ಎಷ್ಟು ಮದಿವಿಗೆ ಬಂದೀನೋ ಲೆಕ್ಕಿಲ್ರಿ. ಒಂದು ಅಕ್ಕಿಕಾಳು ನನ್ನ ಕೈಲಿಂದ ಮದುಮಕ್ಕಳ ತಲಿ ಮ್ಯಾಲ ಬಿದ್ದಿಲ್ಲ. ಗಾಡಿ ಬಿಟ್ಟು ಹೋಗಾಕ ಆಗಂಗಿಲ್ಲಲ್ರಿ" ಎನ್ನುತ್ತಾರೆ. ದೂರುವ ದನಿಯಲ್ಲ, ಇದ್ದದ್ದು ಇದ್ದಂತೆ ಹೇಳುವ ದನಿ. ಸದ್ದು, ಹೊಗೆ ಯಾರಿಗೂ ಬೇಡ ಎಂದು ಜನರೇಟರನ್ನು ಎಲ್ಲ ಕಡೆಯೂ ಹಿತ್ತಲಿಗೇ ತಳ್ಳುತ್ತಾರೆ. ಅದರ ಜೊತೆಗೆ ಅದನ್ನು ನಡೆಸುವವರೂ ಹಿತ್ತಲು ಸೇರುತ್ತಾರೆ. ಬೆಳಕು ಮಾತ್ರ ಮುಂಬಾಗಿಲಿಗೇ ಬೇಕು.

ದೇವದುರ್ಗದ ಅಮರಮ್ಮ ಈ ಕೆಲಸಕ್ಕೆ ಬಂದದ್ದು ಆಸೆಪಟ್ಟಲ್ಲ. ಗಂಡ ರಾಮಲಿಂಗಪ್ಪ ಎಂಜಿನ್ ಹಚ್ಚುವಾಗ ಹ್ಯಾಂಡಲ್ ತಿರುಗಿ ಬಡಿದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಕಸುವು ಮರಳಲಿಲ್ಲ. ಆಗ ಮಗಳು ವಿಶಾಖಾ ಹೈಸ್ಕೂಲಿನಲ್ಲಿದ್ದಳು. ಮೊದಲೇ ಒಪ್ಪಿಕೊಂಡಿದ್ದ ಒಂದು ಸಮಾರಂಭಕ್ಕೆ ಬೇರೆ ಯಾರೂ ಸಿಗದೆ ಅಮರಮ್ಮನೇ ಟ್ರಾಲಿ ಹತ್ತಿದರು. ಕರೆಂಟ್ ಹೋಯಿತು. ಕತ್ತಲಲ್ಲಿ ಗಂಡಸರ ನಗು ಎದ್ದಿತು: "ಅಮರವ್ವಾ, ಹಚ್ಚು! ಹಚ್ಚು ನೋಡೂಣು!" ಎರಡು ಸಲ ತಿರುಗಿಸಿದರೂ ಎಂಜಿನ್ ಕೆಮ್ಮಿ ಸುಮ್ಮನಾಯಿತು, ನಗು ಇನ್ನಷ್ಟು ಏರಿತು. ಮೂರನೆಯ ಸಲ ಹತ್ತಿಕೊಂಡಿತು.

ಅಂದು ಹಂಗಿಸಿದ ಮಂದಿಯೇ ಬರಬರುತ್ತ ಆ ಮಾತನ್ನು ಕರೆಯುವ ಮಾತಾಗಿ ಮಾಡಿಕೊಂಡರು. ಈಗ ದೇವದುರ್ಗದಿಂದ ಮಾನ್ವಿಯವರೆಗೆ, ಕುರ್ಡಿಯ ಮದುವೆಯಿರಲಿ ರಾಯಚೂರಿನ ಶಾಲೆಯ ಕಾರ್ಯಕ್ರಮವಿರಲಿ, ದೀಪ ಆರಿದೊಡನೆ ಚಪ್ಪರದೊಳಗಿಂದ "ಅಮರವ್ವಾ, ಹಚ್ಚು!" ಎಂಬ ಕೂಗು ಏಳುತ್ತದೆ. ಜನರೇಟರ್ ಬೇರೆಯವರದ್ದಾದರೂ ಹುಡುಗರು ಕೂಗುವುದು ಅಮರವ್ವನ ಹೆಸರನ್ನೇ! ಹದಿನೆಂಟು ವರ್ಷ ಹಿತ್ತಲಲ್ಲಿ ಹೊಗೆ ಕುಡಿದ ಹೆಣ್ಣುಮಗಳು ಗಳಿಸಿಕೊಂಡ ಬಿರುದು ಇದೊಂದೇ. ಅದನ್ನೂ ಈಗ ಕಿತ್ತುಕೊಂಡಿದ್ದಾರೆ, ಅದೂ ಹೊಳೆಯುವ ಡಬ್ಬಿಯಲ್ಲಿಟ್ಟು ಮಾರಾಟಕ್ಕೆ ಬಿಟ್ಟ ಸಂಗೀತ ಕಛೇರಿಯ ವಿಡಿಯೊ ಡಿಸ್ಕಿನಲ್ಲಿ.

'ಕರಿಗುಂಡು' ಮೂವತ್ತು ವರ್ಷದ ಹಳೆಯ ಹೆವಿ ಮೆಟಲ್ ತಂಡ. ಗಿಟಾರು ಗುಡುಗಿಸಿ, ಗಂಟಲು ಹರಿಯುವಂತೆ ಹಾಡುವ ಮಂದಿ, ಈಗ ಎಲ್ಲರದ್ದೂ ತಲೆ ನರೆತಿದೆ. ಡ್ರಮ್ ಬಾರಿಸುವ ಅಂಬರೀಶ ರಾಯಚೂರಿನ ಅಕ್ಕಿ ಗಿರಣಿಯವರ ಮಗ. ಮೂವತ್ತನೆಯ ವರ್ಷದ ಕಛೇರಿಯನ್ನು ಊರಿನಲ್ಲೇ ಮಾಡಿ ಚಿತ್ರೀಕರಿಸಬೇಕೆಂದು ಹಟ ಹಿಡಿದವರು ಅವರೇ. ನಿಂತುಹೋದ ಹತ್ತಿ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ವೇದಿಕೆ ಎದ್ದಿತು. ಡಿಸ್ಕ್ ಹೊರತರುವ ಕಂಪನಿ ಸದ್ದೇ ಮಾಡದ ದೊಡ್ಡ ಜನರೇಟರನ್ನು ಬೇರೆ ಊರಿನಿಂದ ತರಿಸಿತು. ಅಮರಮ್ಮನವರ ಎಂಜಿನ್ನಿಗೆ ಸಿಕ್ಕಿದ್ದು ಅಡುಗೆ ಮನೆ ಮತ್ತು ನೀರಿನ ಮೋಟರು, ಯಥಾಪ್ರಕಾರ ಹಿತ್ತಲು.

ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ, ಹಾಡಿನ ನಡುವೆಯೇ ದೊಡ್ಡ ಜನರೇಟರ್ ನಿಂತಿತು. ಅದೇ ಹೊತ್ತಿಗೆ ಊರಿನ ಕರೆಂಟೂ ಇರಲಿಲ್ಲ. ಅಂಗಳ ಕಗ್ಗತ್ತಲು, ಗಿಟಾರುಗಳೆಲ್ಲ ಮೂಕ. ಅಂಬರೀಶರೊಬ್ಬರು ಮಾತ್ರ ಕೈ ನಿಲ್ಲಿಸದೆ ದೊಡ್ಡ ಡ್ರಮ್ಮನ್ನು ನಿಧಾನವಾಗಿ ಬಡಿಯುತ್ತ ಕುಳಿತರು. ಆಗ ಸಾವಿರಾರು ಮಂದಿಯ ಗಂಟಲಿನಿಂದ ಆ ಕೂಗು ಎದ್ದಿತು. ಕಪ್ಪು ಅಂಗಿ ತೊಟ್ಟ, ಕೂದಲು ಬಿಟ್ಟ ಹುಡುಗರೂ ಕೂಗಿದ್ದು "ಅಮರವ್ವಾ, ಹಚ್ಚು!" ಎಂದೇ.

"ಮೈ ಝುಂ ಅಂತು ನೋಡ್ರಿ. ಆಗಲೇ ತಾಯಣ್ಣ ವೈರ್ ಎಳಕೊಂಡು ಸ್ಟೇಜಿನ ಕಡಿ ಓಡಾಕತ್ತಿದ್ದ" ಎಂದು ಅಮರಮ್ಮ ನೆನೆಯುತ್ತಾರೆ. ತಾಯಣ್ಣ ಅವರ ಜೊತೆಗಾರ ವೈರ್‌ಮನ್. ಇವರಿಬ್ಬರದ್ದು ಒಂದು ರೂಢಿಯಿದೆ. ಹಳೆಯ ಎಂಜಿನ್ನಿನ ಮೇಲೆ ಭಾರವನ್ನೆಲ್ಲ ಒಮ್ಮೆಗೇ ಹೊರಿಸಿದರೆ ಅದು ಉಸಿರು ಕಟ್ಟಿ ನಿಂತುಬಿಡುತ್ತದೆ. ಅದಕ್ಕೇ ಅಮರಮ್ಮ ಎಂಜಿನ್ನಿನ ಸದ್ದು ಕೇಳುತ್ತ ನಿಲ್ಲುತ್ತಾರೆ. ಅದು ಹದಕ್ಕೆ ಬಂದೊಡನೆ ಬ್ಯಾಟರಿ ದೀಪ ಮಿನುಗಿಸುತ್ತಾರೆ. ತಾಯಣ್ಣ ಒಂದೇ ಒಂದು ಸ್ವಿಚ್ ಎತ್ತುತ್ತಾನೆ. ಎಂಜಿನ್ ಕುಗ್ಗಿ ಮತ್ತೆ ಚೇತರಿಸಿಕೊಂಡ ಮೇಲೆ ಇನ್ನೊಮ್ಮೆ ಮಿನುಗು, ಇನ್ನೊಂದು ಸ್ವಿಚ್.

ಅಂದೂ ಹಾಗೆಯೇ ಆಯಿತು. ಮೊದಲು ಡ್ರಮ್ಮಿನ ಮೇಲಿನ ಕೆಂಪು ದೀಪವೊಂದೇ ಹತ್ತಿತು. ಅಂಬರೀಶ ತಲೆ ಎತ್ತಿ ಅದನ್ನು ನೋಡಿ ಒಂದು ಏಟು ಹಾಕಿದರು. ಎಡಗಡೆಯದು ಹತ್ತಿತು, ಇನ್ನೊಂದು ಏಟು. ಹೀಗೆ ಒಂದೊಂದಾಗಿ ವೇದಿಕೆ ಬೆಳಗಿ, ಕೊನೆಗೆ ಗಿಟಾರುಗಳಿಗೆ ಜೀವ ಬಂದಾಗ ಅಂಗಳವೇ ಕುಣಿಯಿತು.

'ಬಿಸಿಲೂರಿನ ಸಿಡಿಲು' ಎಂಬ ಹೆಸರಿನಲ್ಲಿ ಡಿಸ್ಕ್ ಹೊರಬಂದಿದೆ. ನೋಡಿದವರೆಲ್ಲ ಬಾಯಿ ತುಂಬ ಹೊಗಳುತ್ತಿರುವುದು ಇದೇ ದೃಶ್ಯವನ್ನು. ಡಬ್ಬಿಯೊಳಗಿನ ಪುಸ್ತಿಕೆಯಲ್ಲಿ ಇದಕ್ಕೆಂದೇ ಒಂದು ಪುಟವಿದೆ. ಕತ್ತಲಿನಿಂದ ಬೆಳಕಿಗೆ ಸಾಗುವ ಈ ಪರಿಕಲ್ಪನೆ ಬೆಳಕು ವಿನ್ಯಾಸಕರದ್ದಂತೆ, ತಿಂಗಳುಗಟ್ಟಲೆ ಯೋಚಿಸಿ ರೂಪಿಸಿದ್ದಂತೆ! ಆ ವಿನ್ಯಾಸಕರು ಆ ಹೊತ್ತಿನಲ್ಲಿ ಸತ್ತ ಕಂಪ್ಯೂಟರಿನ ಮುಂದೆ ತಲೆ ಮೇಲೆ ಕೈ ಹೊತ್ತು ಕುಳಿತಿದ್ದನ್ನು ತಾಯಣ್ಣ ಕಣ್ಣಾರೆ ಕಂಡಿದ್ದಾನೆ. ಹಸಿ ಸುಳ್ಳನ್ನು ನುಣುಪು ಕಾಗದದಲ್ಲಿ ಅಚ್ಚು ಹಾಕಿಸಲು ಎಂಥ ಎದೆಗಾರಿಕೆ ಬೇಕು!

ಅಮರಮ್ಮನಿಗೆ ನೋವಾದದ್ದು ಆ ಪುಟದಿಂದಲ್ಲ. ವಿಶಾಖಾ ಈಗ ಮಾನ್ವಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಡಿಸ್ಕನ್ನು ತರಿಸಿ, ನೆರೆಮನೆಯ ಅಸ್ಮತ್ ಅವರ ಹಳೆಯ ಪ್ಲೇಯರ್ ಕೇಳಿ ಪಡೆದು, ಅಪ್ಪ ಅವ್ವನನ್ನು ಟಿವಿಯ ಮುಂದೆ ಕೂರಿಸಿದರು. ತೆರೆ ಕಪ್ಪಾಯಿತು. ರಾಮಲಿಂಗಪ್ಪ ಮುಂದಕ್ಕೆ ಬಾಗಿ, "ಈಗ ಬರ್ತದ, ಕೇಳು" ಎಂದರು. ಬಂದದ್ದು ಯಾವುದೋ ಊರಿನ ಮಂದಿಯ ಹೋ ಎನ್ನುವ ಅಬ್ಬರ. ಅದರಲ್ಲಿ ಅಮರವ್ವನೂ ಇಲ್ಲ, ಹಚ್ಚು ಎಂಬುದೂ ಇಲ್ಲ. ಎಂಜಿನ್ನಿನ ಸದ್ದನ್ನಂತೂ ಉಜ್ಜಿ ತೆಗೆದಿದ್ದಾರೆ. ಅಂದು ಜನರ ನಡುವೆ ನಿಂತು ಫೋನಿನಲ್ಲಿ ಹಿಡಿದದ್ದನ್ನು ವಿಶಾಖಾ ಪಕ್ಕದಲ್ಲಿಟ್ಟು ಕೇಳಿಸಿದರು. ಎರಡನ್ನೂ ಕೇಳಿದ ರಾಮಲಿಂಗಪ್ಪ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತುಬಿಟ್ಟರು.

ವಿಶಾಖಾ ಕಂಪನಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ ಇನ್ನೂ ಚೆನ್ನಾಗಿದೆ. ಆ ಕೂಗು ಸಂಗೀತಕ್ಕೆ ಹೊಂದುವುದಿಲ್ಲವಂತೆ, ಹೊರದೇಶದ ಅಭಿಮಾನಿಗಳಿಗೆ ಅರ್ಥವಾಗುವುದಿಲ್ಲವಂತೆ. ಅದಕ್ಕೇ ಬೇರೊಂದು ಊರಿನ ಕಛೇರಿಯ ಗದ್ದಲ ತಂದು ಅಂಟಿಸಿದ್ದಾರೆ. ರಾಯಚೂರಿನ ಹೆಸರು ಬೇಕು, ಬಿಸಿಲು ಬೇಕು, ಮಿಲ್ಲಿನ ಬಿರುಕು ಗೋಡೆ ಚಿತ್ರದಲ್ಲಿ ಚಂದ ಕಾಣುತ್ತದೆ. ರಾಯಚೂರಿನವರು ಬಾಯಿ ಬಿಟ್ಟರೆ ಮಾತ್ರ ಇವರಿಗೆ ಕಿವಿನೋವು!

ಅಂಬರೀಶ ಈ ಬರಹಕ್ಕಾಗಿ ಫೋನಿನಲ್ಲಿ ಸಿಕ್ಕಾಗ ಮೊದಲು ತಡವರಿಸಿದರು. "ಖರೇ ಹೇಳಬೇಕಂದ್ರ ಅಮರಕ್ಕ ಇರಲಿಲ್ಲಂದ್ರ ಅವತ್ತ ನಮ್ಮ ಮರ್ಯಾದಿ ಹೋಗ್ತಿತ್ತು. ಕೂಗು ತೆಗಿಬ್ಯಾಡ್ರಿ ಅಂತ ಒಂದ್ ಸಲ ಹೇಳ್ದೆ, ಕೇಳಲಿಲ್ಲ. ಆಮ್ಯಾಲ ನಾನೂ ಸುಮ್ಮನಾದೆ" ಎಂದರು. ಮೂವತ್ತು ವರ್ಷ ವೇದಿಕೆಯ ಮೇಲೆ ಯಾರಿಗೂ ಬಗ್ಗುವುದಿಲ್ಲ ಎಂದು ಅಬ್ಬರಿಸಿದ ತಂಡ, ಕಂಪನಿಯ ಮುಂದೆ ಒಂದೇ ಸಲಕ್ಕೆ ಬಗ್ಗಿತು. ಮಾತಿನ ಕೊನೆಗೆ ಅವರು ಒಂದು ಸುದ್ದಿ ಕೊಟ್ಟರು: ಡಿಸ್ಕಿನ ಎರಡನೆಯ ಮುದ್ರಣ ಸಿದ್ಧವಾಗುತ್ತಿದೆ, ಕಡೆಯಲ್ಲಿ ಕೃತಜ್ಞತೆ ಸಲ್ಲಿಸುವಲ್ಲಿ ಅಮರಮ್ಮನ ಹೆಸರು ಸೇರಿಸಲು ಕಂಪನಿ ಒಪ್ಪಿದೆ.

ಅಮರಮ್ಮ ಒಪ್ಪಿಲ್ಲ. "ಊಟದವರು, ಖುರ್ಚಿಯವರು, ಅದರ ಕೆಳಗ ನಾನು. ಸಣ್ಣಕ್ಷರದಾಗ. ಯಾರ್ ಓದ್ತಾರ ಅದನ್ನ? ನನ್ನ ಹೆಸರು ಅವ್ರು ಬರಿಯೂದೇನು ಬ್ಯಾಡ್ರಿ. ನಮ್ಮ ಮಂದಿ ಕೂಗ್ಯಾರಲ್ಲ, ಅದನ್ನ ಕೂಗಿದಂಗ ಇಡ್ರಿ ಅಂತ ಹೇಳೀನಿ. ಮೊದಲ ನಕ್ಕೋತ ಕೂಗಿದ್ರು, ನಂತರ ನಂಬಿ ಕೂಗಿದ್ರು. ಅದಕ್ಕ ನಾ ಎಷ್ಟು ವರ್ಷ ಹ್ಯಾಂಡಲ್ ತಿರುವೀನಿ!" ಹೇಳುತ್ತ ಹೇಳುತ್ತ ಅವರ ದನಿ ಗಡುಸಾಗುತ್ತದೆ. ಬೆರಳಿನ ಬುಡದ ದಡ್ಡುಗಟ್ಟಿದ ಚರ್ಮವನ್ನು ಹೆಬ್ಬೆರಳಿನಿಂದ ತಿಕ್ಕಿಕೊಳ್ಳುತ್ತಾರೆ. ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ.

ಮಂಟಪದೊಳಗೆ ವಾಲಗ ಜೋರಾಗುತ್ತದೆ, ನಸುಕಿನ ಮುಹೂರ್ತ, ತಾಳಿ ಕಟ್ಟುವ ಹೊತ್ತು. ಮೈಕು ಕಟಕ್ಕೆಂದು ಸಾಯುತ್ತದೆ, ಕಿಟಕಿಗಳೆಲ್ಲ ಕಪ್ಪಾಗುತ್ತವೆ. ಆಮೇಲೆ ಮೊದಲು ಮಕ್ಕಳು, ಹಿಂದೆಯೇ ಹೆಂಗಸರು, ಬೀಗರು, ಅಡುಗೆಯವರು, ಮಂಟಪಕ್ಕೆ ಮಂಟಪವೇ: "ಅಮರವ್ವಾ, ಹಚ್ಚು!"

ಅಮರಮ್ಮ ಆಗಲೇ ಹ್ಯಾಂಡಲ್ ಸಿಕ್ಕಿಸಿ ಕಾಲು ಊರಿ ನಿಂತಿದ್ದಾರೆ. ಮಂಟಪದ ಕಡೆಗೆ ಗದ್ದದಿಂದ ಸನ್ನೆ ಮಾಡಿ, "ಕೇಳಿದ್ರಿ? ಇಷ್ಟೇ ರೀ ನಾ ಕೇಳಾಕತ್ತಿದ್ದು" ಎನ್ನುತ್ತಾರೆ. ಹ್ಯಾಂಡಲ್ ತಿರುಗುತ್ತದೆ, ಮೊದಲ ದೀಪ ಹತ್ತುತ್ತದೆ.