ನ್ಯಾಗಳ ಹಗೇವು

ತುರ್ಕರ ಗಡಿಯ ಸೀಮೆಯಲ್ಲಿ, ಯಲೋಮಿತ್ಸಾ ಹೊಳೆಯ ದಂಡೆಯಲ್ಲಿ ನ್ಯಾಗ ಎಂಬ ವಿಧವೆಯಿದ್ದಳು. ಅರ್ಧ ನೆಲದೊಳಗೆ, ಅರ್ಧ ಮೇಲೆ ಇದ್ದ ಗುಡಿಸಲು. ಸೊಸೆ ಡೊಬ್ರ, ಹಾಲು ಕುಡಿಯುವ ಮೊಮ್ಮಗಳು, ಒಂದು ಹಸು, ಸಂಸಾರ ಅಷ್ಟೇ. ಮಗನನ್ನು ದೊರೆಯ ದಂಡಿಗೆ ಹಿಡಿದುಕೊಂಡು ಹೋದವರು ಮತ್ತೆ ಕಳಿಸಲಿಲ್ಲ.

ಇಟಲಿಯ ಪಾದ್ರಿ ಸಿಲ್ವೆರಿಯೊ ಅವಳ ಮನೆಯಲ್ಲಿ ಒಂಬತ್ತು ದಿನ ತಂಗಿದ್ದ. ದೇಶ ನೋಡಿ ಬರೆಯುವುದು ಅವನ ಕೆಲಸ. ನೀರು, ಕಣ್ಣು, ಕೈ ಇಂಥ ಮಾತುಗಳಲ್ಲಿ ಅವನ ನುಡಿಗೂ ಇವಳ ನುಡಿಗೂ ಹೋಲಿಕೆಯಿತ್ತು. ಕಿವಿಗೆ ಬಿದ್ದಾಗಲೆಲ್ಲ ಹಿಗ್ಗುತ್ತಿದ್ದ.

“ನೀವು ನಮ್ಮ ರೋಮಿನ ಸಿಪಾಯಿಗಳ ವಂಶದೋರು ಕಣಮ್ಮ. ನಮ್ಮ ರಕ್ತಾನೇ!”

“ಹಂಗಾದ್ರೆ ನೆಂಟ್ರು ಅನ್ನಿ. ನೆಂಟ್ರು ಸುಮ್ನೆ ಕೂತ್ಕೋಬಾರ್ದು ಸ್ವಾಮಿ, ಒಂಚೂರು ಸೌದೆ ಒಡ್ಕೊಡಿ.”

ಡೊಬ್ರ ತಲೆವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಹೊರಡುವ ದಿನ ಬೆಳಿಗ್ಗೆ ನ್ಯಾಗ ಕೇಳಿದಳು: “ನಮ್ ಬಗ್ಗೆ ಏನ್ ಬರ್ದಿದ್ದೀರಿ? ಓದಿ, ಕೇಳಾಣ.”

ಅವನು ಅವಳ ಮಾತಿಗೆ ತಿರುಗಿಸಿ ಓದಿದ: ಮಣ್ಣು ಬೆಣ್ಣೆಯಂತಿದೆ, ಜನ ಸೋಮಾರಿಗಳು, ಅರ್ಧ ಹೊಲ ಬೀಳು, ನಾಳೆಗೆಂದು ಒಂದು ಹಿಡಿಯನ್ನೂ ಎತ್ತಿಡುವುದಿಲ್ಲ.

ಒಂದು ವರ್ಷ ತುರ್ಕರ ಕುದುರೆ, ಇನ್ನೊಂದು ವರ್ಷ ದೊರೆಯ ಕುದುರೆ ಪೈರು ಮೇಯ್ದದ್ದನ್ನು ಅವಳು ಹೇಳಬಹುದಿತ್ತು. ಆದರೆ ಮನೆಯಲ್ಲಿ ಉಂಡವನೇ ಹಾಗೆ ಬರೆದನಲ್ಲ ಎಂದು ಎದ್ದು, ಹಸು ಕಟ್ಟಿದ್ದ ಕಡೆಗೆ ನಡೆದಳು.

“ಬನ್ನಿ ಇಲ್ಲಿ.”

“ಅತ್ತೆ, ಬ್ಯಾಡ,” ಎಂದು ಡೊಬ್ರ ತೋಳು ಹಿಡಿದಳು.

“ನಮ್ ಉಪ್ಪು ರೊಟ್ಟಿ ತಿಂದೋರು ಕಣೆ. ಬಿಡು.”

ಹಸುವಿನ ಗೂಟ ಕಿತ್ತಳು. ಸಗಣಿ ಸರಿಸಿ, ಮಣ್ಣು ಬಗೆದು, ಹುಲ್ಲು ತೆಗೆದಳು. ಕೆಳಗೆ ಹಗೇವು, ಕಾಳು ಕೂಡಿಡುವ ಗುಂಡಿ. ಒಳಗೆ ಮೂರು ದಿನ ಬೆಂಕಿ ಉರಿಸಿ ಗಟ್ಟಿ ಮಾಡಿದ ಗೋಡೆ, ಕಂಠದವರೆಗೆ ಬರಗು. ಊರಲ್ಲಿ ಮನೆಗೊಂದಿತ್ತು. ಹೊರಗಿನವರ ಮುಂದೆ ಯಾರೂ ಅದರ ಮಾತೆತ್ತುತ್ತಿರಲಿಲ್ಲ.

“ಸೋಮಾರಿಗಳು ಅಗ್ದಿದ್ದು ಇದು. ಬರ್ಕೊಳ್ಳಿ!”

ಪಾದ್ರಿ ನಾಚಿದ. ಅಲ್ಲೇ ಕೂತು ಪ್ರಾಮಾಣಿಕವಾಗಿ ಬರೆದ: ಇವರು ಜಾಣರು, ಹಸು ಕಟ್ಟುವ ಜಾಗದ ಕೆಳಗೆ ಧಾನ್ಯ ಬಚ್ಚಿಡುತ್ತಾರೆ. ಊರಿನ ಹೆಸರನ್ನೂ ಬರೆದ.

ರಾಜಧಾನಿಯಲ್ಲಿ ಅವನ ಕಾಗದಗಳನ್ನು ಬಿಚ್ಚಿ ನೋಡಿದ ಕಾರಕೂನನೊಬ್ಬನಿಗೆ ಇಟಲಿಯ ನುಡಿ ಓದಲು ಬರುತ್ತಿತ್ತು. ಹನ್ನೆರಡನೆಯ ದಿನಕ್ಕೆ ದೊರೆಯ ಸವಾರರು ಬಂದರು. ಯಾರನ್ನೂ ಹೊಡೆಯಲಿಲ್ಲ, ಏನೂ ಕೇಳಲಿಲ್ಲ. ಮನೆಯಿಂದ ಮನೆಗೆ, ನೇರವಾಗಿ ಹಸುವಿನ ಗೂಟಕ್ಕೇ ಹೋದರು. ಹೋಗುವಾಗ ಹಸುಗಳನ್ನೂ ಹೊಡೆದುಕೊಂಡು ಹೋದರು.

ಆ ಚಳಿಗಾಲ ಊರು ಮರದ ತೊಗಟೆ ಅರೆದು ತಿಂದಿತು. ಬಾವಿಕಟ್ಟೆಗೆ ನ್ಯಾಗ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ಡೊಬ್ರಳ ಎದೆಹಾಲು ಬತ್ತಿತು. ಹಿಮ ಕರಗುವ ಮೊದಲೇ ಮಗು ತೀರಿಕೊಂಡಿತು. ಸೊಸೆ ಅತ್ತೆಯನ್ನು ಬೈಯಲಿಲ್ಲ. “ಉಪ್ಪು ರೊಟ್ಟಿ ತಿಂದೋರು,” ಎಂದು ಒಂದೇ ಸಲ ಅಂದು ತವರಿಗೆ ಹೋದಳು.

ಎರಡು ವರ್ಷದ ಮೇಲೆ ಪಾದ್ರಿ ಅದೇ ದಾರಿಯಲ್ಲಿ ಬಂದ. ಏನೂ ತಿಳಿಯದವನು, ನಗುತ್ತಲೇ ಒಳಗೆ ಬಂದು ಮಣೆಯ ಮೇಲೆ ಕೂತ.

“ತೊಟ್ಟಿಲು ಎಲ್ಲಿ, ಅಮ್ಮ?”

“ಸೌದೆ ಇರ್ಲಿಲ್ಲ. ಒಡ್ಕೊಂಡೆ.”

ಅವನು ಕಾಗದ, ಲೇಖನಿ ತೆಗೆದ. “ಈ ಸಲ ಬರಗು?”

ಅವನು ಕೂತಿದ್ದ ಮಣೆಯ ಕೆಳಗೇ, ಒಂದು ಮೊಳ ಆಳದಲ್ಲಿ, ಅವಳ ಹೊಸ ಹಗೇವಿನ ಬಾಯಿ ಇತ್ತು.

“ಎಲ್ಲೀ ಬರಗು ಸ್ವಾಮಿ? ನಾವು ಸೋಮಾರಿಗಳು. ಬಿತ್ತಲ್ಲ, ಕೂಡಿಡಲ್ಲ. ನೀವು ಮೊದ್ಲು ಬರ್ದಿದ್ದೇ ಸರಿ. ಹಂಗೇ ಬರ್ಕೊಳ್ಳಿ.”

ಅವನು ಬರೆದುಕೊಂಡ. ಲೇಖನಿಯ ಸದ್ದು ನಿಲ್ಲುವವರೆಗೂ ಕಾದು, ಅವಳು ಅವನ ಮುಂದೆ ಬರೀ ಸೊಪ್ಪು ಬೇಯಿಸಿದ ನೀರನ್ನು ಇಟ್ಟಳು.