ವಿಮಾನದ ಬಾಲದೊಳಗೆ ಒಂದು ವೈರು

ಕಳೆದ ಭಾನುವಾರ ನನ್ನ ಬಲಗೈ ಮೊಣಕೈವರೆಗೆ ಒಂದು ವಿಮಾನದ ಬಾಲದೊಳಗೆ ಸಿಕ್ಕಿಕೊಂಡಿತ್ತು. ಹೌದು, ವಿಮಾನವೇ. ಅದೂ ನಮ್ಮದೇ.

ಈ ಅಂಕಣವನ್ನು ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಮ್ಮ ಯಜಮಾನರಿಗೆ ತಮಿಳು ಸೀಮೆಯ ಶಂಕಗಿರಿಯಲ್ಲಿ ಲಾರಿ ರಿಪೇರಿ ಶೆಡ್ ಇದೆ. ಯುದ್ಧದ ಕಾಲದಲ್ಲಿ ಮದ್ರಾಸಿನಲ್ಲಿ ವಿಮಾನ ರಿಪೇರಿ ಮಾಡಿಕೊಂಡಿದ್ದವರು, ಆಮೇಲೆ ಹಾರಿಸುವುದನ್ನೂ ಕಲಿತು ಬಂದರು. ಯುದ್ಧ ಮುಗಿಯಿತು, ಹುಚ್ಚು ಮುಗಿಯಲಿಲ್ಲ. ಹರಾಜಿನಲ್ಲಿ ಒಂದು ಹಳೆಯ ಇಂಜಿನ್ ಸಿಕ್ಕಿದ್ದೇ ತಡ, ಶೆಡ್ಡಿನ ಹಿಂಭಾಗದಲ್ಲಿ ಮರದ ಪಟ್ಟಿ ಜೋಡಿಸುತ್ತಾ ಕೂತರು. (ಬೇರೆ ಗಂಡಂದಿರು ಇಸ್ಪೀಟು ಆಡುತ್ತಾರೆ. ನಾನು ದೂರುವುದಿಲ್ಲ.)

ಮರದ ಚೌಕಟ್ಟಿಗೆ ಬಟ್ಟೆ ಹೊದಿಸಬೇಕು. ವಿಮಾನಕ್ಕೆ ಬಟ್ಟೆಯೇ ಎಂದು ನಗಬೇಡಿ. ಎಳೆದು ಹೊಲಿದು, ಮೇಲೆ ವಾರ್ನಿಷ್‌ನಂಥದ್ದು ಬಳಿದರೆ ಅದು ತಮಟೆಯ ಹಾಗೆ ಬಿಗಿಯುತ್ತದೆ. ಬಾಲದ ಹೊಲಿಗೆ ನನ್ನದು ಮತ್ತು ನಮ್ಮತ್ತೆಯದು. ಅತ್ತೆ ಕಂಬೈನಲ್ಲೂರಿನವರು. ಹೊಲಿಗೆ ಸ್ವಲ್ಪ ಸೊಟ್ಟಗಾದರೂ ಬಿಚ್ಚಿ ಮತ್ತೆ ಹಾಕಿಸುವವರು. ನಮ್ಮ ಬೇಸಿಗೆಯೆಲ್ಲ ಆ ಬಾಲದ ಮೇಲೇ ಕಳೆಯಿತು.

ಭಾನುವಾರ ಬುತ್ತಿ ಕಟ್ಟಿಕೊಂಡು ನಾವಿಬ್ಬರೂ ಶೆಡ್ಡಿಗೆ ಹೋದರೆ, ಯಜಮಾನರು ಬ್ಲೇಡು ಹಿಡಿದು ಬಾಲದ ಪಕ್ಕ ನಿಂತಿದ್ದಾರೆ. ಮುಖ ಸಪ್ಪಗಿದೆ.

"ಏನ್ಲಾ ರಂಗಾ, ಕೈಯಾಗೆ ಬ್ಲೇಡು?" ಅತ್ತೆ ಕೇಳಿದರು.

"ಬಾಲದ ದೀಪಕ್ಕೆ ವೈರ್ ಎಳೆಯೋದು ಮರ್ತೇ ಓಗೈತಮ್ಮಾ. ಬಟ್ಟೆ ಕುಯ್ದೇ ಆಗಬೇಕು."

"ಅದ್ಯಾಕೆ, ನನ್ನ ಸೀರೇನೂ ಕುಯ್ದುಬುಡು," ಎಂದರು ಅತ್ತೆ.

ಮನೆ ಕಟ್ಟಿಸಿದವರಿಗೆ ಇದು ಹೊಸದಲ್ಲ. ಗಾರೆ ಬಳಿದು ಸುಣ್ಣ ಹೊಡೆದ ಮೇಲೆಯೇ ಅಲ್ಲವೇ, ಇಲ್ಲೊಂದು ಸ್ವಿಚ್ ಬೇಕಿತ್ತು ಎಂದು ನೆನಪಾಗುವುದು?

ಆದರೆ ಇದು ಮನೆಯಲ್ಲ. ಬ್ಯಾಟರಿ ಇರುವುದು ಸೀಟಿನ ಹಿಂದೆ, ದೀಪ ಬಾಲದ ತುದಿಯಲ್ಲಿ. ನಡುವೆ ಹೋಗುತ್ತಾ ಹೋಗುತ್ತಾ ಕಿರಿದಾಗುವ ಕತ್ತಲೆಯ ಸುರಂಗ. ಚುಕ್ಕಾಣಿ ಎಳೆಯುವ ಉಕ್ಕಿನ ಕೇಬಲ್‌ಗಳೂ ಅದರೊಳಗೇ ಓಡುತ್ತವೆ. ವೈರನ್ನು ಸುಮ್ಮನೆ ತಳ್ಳಿಬಿಟ್ಟು ಅದು ಕೇಬಲ್ಲಿಗೆ ಸುತ್ತಿಕೊಂಡರೆ? ಮೇಲೆ ಹೋದ ಮೇಲೆ ಚುಕ್ಕಾಣಿ ತಿರುಗದಿದ್ದರೆ? ಲಾರಿಯಾದರೆ ಮರದ ಕೆಳಗೆ ನಿಲ್ಲಿಸಬಹುದು. ಹಾಗಾಗಿ ವೈರನ್ನು ಕೇಬಲ್ಲಿನಿಂದ ದೂರಕ್ಕೆ ಎಳೆದು ಪಟ್ಟಿಗೆ ಕಟ್ಟಲೇಬೇಕು.

ಮುಂದಿನಿಂದ ಅರ್ಧ ದೂರದವರೆಗೆ ಯಜಮಾನರ ಕೈ ಸಿಗುತ್ತದೆ. ಹಿಂದಿನ ಅರ್ಧಕ್ಕೆ ಇರುವುದು ಬಾಲದ ಕೆಳಗಿನ ಒಂದು ಸಣ್ಣ ಕಿಂಡಿ. ಲಾರಿಯ ಚಕ್ರ ಎತ್ತುವ ಕೈ ಅದರಲ್ಲಿ ಮಣಿಕಟ್ಟಿಗೇ ನಿಂತಿತು.

ನಾನು ಕಿಂಡಿ ನೋಡಿದೆ, ನನ್ನ ಕೈ ನೋಡಿಕೊಂಡೆ. "ಜರುಗಿ," ಎಂದೆ.

ಬಳೆಗಳು ತಡೆದವು. ಒಳಗೆ ಗಾಜು ಒಡೆದು ಬಿದ್ದರೆ ಇನ್ನೊಂದು ಅನಾಹುತ. "ಬಳೆ ತೆಗೀಬೇಕಾಯ್ತದೆ," ಎಂದು ಯಜಮಾನರು ಮೆಲ್ಲಗೆ ತಾಯಿಯ ಕಡೆ ನೋಡಿದರು.

"ನೀನು ಏರಿ ಓಗೋ ಗಾಡಿಗೆ ನಿನ್ನ ಎಂಡ್ತಿ ಬರೀ ಕೈ ಇಕ್ಕೋದಾ? ಆಗಾಕಿಲ್ಲ," ಎಂದರು ಅತ್ತೆ.

ಇದೆಲ್ಲ ಮೂಢನಂಬಿಕೆ ಎಂದು ಹೇಳಬಹುದಿತ್ತು. ಇದೇ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಆದರೆ ಹಾರಬೇಕಾದವರು ಎದುರಿಗೇ ನಿಂತಿದ್ದರು. ಹಾಗೆನ್ನಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ಅತ್ತೆಯೇ ಎದ್ದರು. ಬಾಲ ಹೊಲಿದು ಉಳಿದಿದ್ದ ದಾರ ಹುಡುಕಿದರು. ಶೆಡ್ಡಿನ ದೇವರ ಪಟದ ಮುಂದಿದ್ದ ಅರಿಶಿನ ಹಚ್ಚಿ ಉಜ್ಜಿದರು. ನನ್ನ ಬಳೆಗಳನ್ನು ಒಂದೊಂದಾಗಿ ತಾವೇ ತೆಗೆದು, ಮಣಿಕಟ್ಟಿಗೆ ಆ ದಾರ ಕಟ್ಟಿದರು.

"ಇದೈತಲ್ಲ, ಸಾಕು. ಓಗಮ್ಮಿ, ಕೈ ಇಕ್ಕು."

ನೆಲಕ್ಕೆ ಗೋಣಿ ಹಾಸಿ ಮಲಗಿದೆ. ಕೈ ಒಳಗೆ, ನಾನು ಹೊರಗೆ. ಯಜಮಾನರು ಮುಂದಿನಿಂದ ಗಟ್ಟಿ ಕಂಬಿಯ ತುದಿಗೆ ವೈರು ಕಟ್ಟಿ ತಳ್ಳುತ್ತಿದ್ದರು. "ಮೆದುವಾ, ಮೆದುವಾ," ಅನ್ನುತ್ತಿದ್ದರು. (ಮೆಲ್ಲಗೆ ಎಂದು. ಗಾಬರಿಯಾದರೆ ಅವರಿಗೆ ತಮಿಳೇ ಬರುವುದು.) ಬೆರಳಿಗೆ ಮೊದಲು ಸಿಕ್ಕಿದ್ದು ಗ್ರೀಸ್ ಮೆತ್ತಿದ ತಣ್ಣನೆಯ ಕೇಬಲ್. ಬಿಟ್ಟೆ. ಆಮೇಲೆ ಒರಟು ಮರ. ಕೊನೆಗೆ ಕಂಬಿಯ ಮೂತಿ. ಎಳೆದೆ, ಬಂತು.

ಇನ್ನು ಕಟ್ಟಬೇಕು. ಒಂದೇ ಕೈಯಲ್ಲಿ, ಕಣ್ಣಿಗೆ ಕಾಣದ ಕಡೆ, ನೀವೂ ಒಮ್ಮೆ ಗಂಟು ಹಾಕಿ ನೋಡಿ. ಜಾರಿತು. ಮತ್ತೆ ಜಾರಿತು. ಕಡೆಗೊಮ್ಮೆ ಕೂತಿತು. ಎಳೆದು ನೋಡಿದೆ, ಅಲ್ಲಾಡಲಿಲ್ಲ.

ಅಲ್ಲಾಡದಿದ್ದದ್ದು ನನ್ನ ಕೈಯೂ ಹೌದು. ಅತ್ತೆ ಹರಳೆಣ್ಣೆ ತಂದು ಕಿಂಡಿಗೆ ಸುರಿದರು. "ಉಸ್ರು ಬಿಡು, ಉಸ್ರು ಬಿಡು," ಎಂದು ಹೆರಿಗೆ ಮಾಡಿಸುವವರ ಹಾಗೆ ಹೇಳತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ. ನಕ್ಕಷ್ಟೂ ಕೈ ಬಿಗಿಯಾಯಿತು. ಯಜಮಾನರೂ ನಕ್ಕರು. ಅಂತೂ ಕೈ ಹೊರಬಂತು, ದಾರದ ಸಮೇತ.

ಯಜಮಾನರು ವೈರಿನ ತುದಿಯನ್ನು ದೀಪಕ್ಕೆ ಸೇರಿಸಿ, ಸೀಟಿನಲ್ಲಿ ಕೂತು ಪೆಡಲ್ ಒತ್ತಿದರು. ಚುಕ್ಕಾಣಿ ಅತ್ತ ತಿರುಗಿತು, ಇತ್ತ ತಿರುಗಿತು. ನಾನು ಬಟ್ಟೆಗೆ ಕಿವಿಯಿಟ್ಟು ಕೇಳಿದೆ. ಎಲ್ಲೂ ಉಜ್ಜುವ ಸದ್ದಿಲ್ಲ.

ಸ್ವಿಚ್ ಮಾತ್ರ ತಾನೇ ಹಾಕುತ್ತೇನೆ ಎಂದರು ಅತ್ತೆ. ಮಗನ ಭುಜ ಹಿಡಿದು ಹತ್ತಿ ಕೂತರು, ಸೆರಗು ಸರಿಮಾಡಿಕೊಂಡರು, ಒತ್ತಿದರು.

"ಬಂತಾ?"

"ಬಂತು ಅತ್ತೆ."

ಹಗಲಲ್ಲೇ ಒಂದು ಪುಟ್ಟ ಬಿಳಿ ದೀಪ. ಯಜಮಾನರು ಹಿಂದೆ ಬಂದು ಅದನ್ನೇ ನೋಡುತ್ತಾ ನಿಂತರು. ಎಣ್ಣೆ ಮೆತ್ತಿದ ನನ್ನ ಕೈಯನ್ನು ತಮ್ಮ ಶರ್ಟಿನಿಂದಲೇ ಒರೆಸಿದರು.

ಅತ್ತೆ ಇಳಿಯುವ ಲಕ್ಷಣ ಕಾಣಲಿಲ್ಲ. ದೀಪ ಆರಿಸಿದರು, ಹಾಕಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಲೇ ರಂಗಾ, ಇವಳು ಎಲ್ಲಿ ಕೂತ್ಕಬೇಕು?"

"ಒಂದೇ ಸೀಟಮ್ಮಾ ಇದಕ್ಕೆ."

"ಒಂದೇನಾ?"

ಅತ್ತೆ ನನ್ನನ್ನು ನೋಡಿದರು. ನಾನು ಯಜಮಾನರನ್ನು ನೋಡಿದೆ. ಯಜಮಾನರು ಶೆಡ್ಡಿನ ಸೂರು ನೋಡಿದರು.

ಮನೆಮಂದಿಯೆಲ್ಲ ಸೇರಿ ಕಟ್ಟುವ ವಿಮಾನಕ್ಕೆ ಒಂದೇ ಸೀಟು ಸಾಕು ಎಂದು ತೀರ್ಮಾನಿಸುವಾಗ, ಈ ಗಂಡಸರು ಯಾರನ್ನು ಕೇಳಿರುತ್ತಾರೆ?